ಉಗುಳಬೇಡಿ, ಜೊಲ್ಲು ಸುರಿಸಿ

ಬಾಯಲ್ಲಿ ಊರುವ ನೀರಿಗೆ ಕನ್ನಡದಲ್ಲಿ ಹೆಸರು ಒಂದೇ ಅಲ್ಲ. ನಿದ್ದೆಯಲ್ಲಿ ತಾನಾಗಿ ಇಳಿದರೆ ಜೊಲ್ಲು, ಬೇಕೆಂದೇ ಹೊರಹಾಕಿದರೆ ಉಗುಳು, ಲೋಟಕ್ಕೆ ತಾಗಿದರೆ ಎಂಜಲು, ಪಠ್ಯಪುಸ್ತಕದಲ್ಲಿ ಲಾಲಾರಸ. ಎದೆಯಿಂದ ಕೆಮ್ಮಿ ತೆಗೆದರೆ ಅದು ಕಫ, ಬೇರೆಯೇ ವಸ್ತು. ವೈರಸ್ ಪತ್ತೆಗೆ ಕೊಳವೆಯಲ್ಲಿ ಕೊಡಬೇಕಾದದ್ದು ಇವುಗಳಲ್ಲಿ ಮೊದಲನೆಯದು, ಜೊಲ್ಲು.

ಮೂಗಿನ ಆಳಕ್ಕೆ ಕಡ್ಡಿ ತೂರಿಸಲು ಪಳಗಿದ ಕೈ ಬೇಕು, ಆ ಕೈಗೆ ಕವಚವೂ ಬೇಕು. ಜೊಲ್ಲಿಗೆ ಒಂದು ಖಾಲಿ ಕೊಳವೆ ಸಾಕು. ಕೋವಿಡ್ ಕಾಲದಲ್ಲಿ ವೈರಸ್‌ನ ಆರ್‌ಎನ್‌ಎ (ಅದರ ವಂಶವಾಹಿ ಎಳೆ) ಬೇರ್ಪಡಿಸುವ ಕಿಟ್‌ಗಳಿಗೆ ಬರ ಬಂದಾಗ ಯೇಲ್ ವಿಶ್ವವಿದ್ಯಾಲಯದವರು ಆ ಹಂತವನ್ನೇ ಕೈಬಿಟ್ಟು ‘ಸಲೈವಾಡೈರೆಕ್ಟ್’ ವಿಧಾನ ರೂಪಿಸಿದರು. 2020ರ ಆಗಸ್ಟ್‌ನಲ್ಲಿ ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಅದರ ತುರ್ತು ಬಳಕೆಗೆ ಒಪ್ಪಿಗೆ ಕೊಟ್ಟಿತು. ಜೊಲ್ಲಿನ ಪರೀಕ್ಷೆ ಅಗ್ಗವಾದದ್ದು ಹೀಗೆ, ಹೊಸದನ್ನು ಸೇರಿಸಿ ಅಲ್ಲ, ಇದ್ದದ್ದನ್ನು ಬಿಟ್ಟು.

ಮೊದಲ ಹಂತ, ಬಾಯಿಗೆ ಬಿಡುವು. ಮಾದರಿ ಕೊಡುವ ಮೊದಲು ಅರ್ಧ ಗಂಟೆ ಏನನ್ನೂ ತಿನ್ನಬೇಡಿ, ಕುಡಿಯಬೇಡಿ, ಹೊಗೆ ಸೇದಬೇಡಿ, ಹಲ್ಲುಜ್ಜಬೇಡಿ. ನೀರು ಕುಡಿದರೆ ಮಾದರಿ ತೆಳುವಾಗುತ್ತದೆ, ಆಹಾರದ ಚೂರುಗಳು ರಾಸಾಯನಿಕ ಕ್ರಿಯೆಗೆ ಅಡ್ಡಿ ಮಾಡಬಹುದು. ಬೆಳಿಗ್ಗೆ ಎದ್ದೊಡನೆ ಕೊಟ್ಟರೆ ಈ ಪಥ್ಯವೆಲ್ಲ ತಾನಾಗಿ ಪಾಲನೆಯಾಗಿರುತ್ತದೆ.

ಎರಡನೆಯದು, ಜೊಲ್ಲು ತುಂಬಿಸುವುದು. ಕೇಳಲು ಸುಲಭ, ಎಡವುವುದೂ ಇಲ್ಲಿಯೇ. ದಿನವೊಂದಕ್ಕೆ ಅರ್ಧದಿಂದ ಒಂದೂವರೆ ಲೀಟರ್ ಜೊಲ್ಲು ಸುರಿಸುವ ಗ್ರಂಥಿಗಳು ಕೊಳವೆ ಕಂಡೊಡನೆ ಮುಷ್ಕರ ಹೂಡುತ್ತವೆ. ನಾನು ಮೊದಲ ಸಲ ಕೊಟ್ಟಾಗ ಗಂಟಲು ಕ್ಯಾಕರಿಸಿ, ಜೋರಾಗಿ ಉಗುಳಿ, ಗೆರೆಯವರೆಗೆ ತುಂಬಿತೆಂದು ಬೀಗಿದೆ. ಎರಡು ನಿಮಿಷದಲ್ಲಿ ನೊರೆ ಇಳಿದು ತಳದಲ್ಲಿ ಉಳಿದದ್ದು ನಾಲ್ಕಾರು ಹನಿ. ನೊರೆ ಲೆಕ್ಕಕ್ಕಿಲ್ಲ. ತಲೆ ಬಗ್ಗಿಸಿ ಕೂತು ನುಂಗುವುದನ್ನು ನಿಲ್ಲಿಸಿ, ಹುಳಿಯಾದ ಏನನ್ನಾದರೂ ನೆನೆಯಿರಿ, ಕಿವಿಯ ಮುಂದಿನ ಕೆನ್ನೆಯನ್ನು ಮೆಲ್ಲಗೆ ತೀಡಿ. ತುಟಿಗೆ ಕೊಳವೆ ಹಿಡಿದು ತುಂಬಿದ್ದನ್ನು ಜಾರಲು ಬಿಡಿ. ಸಾಮಾನ್ಯವಾಗಿ ಒಂದು ಮಿಲಿಲೀಟರ್ ಬೇಕಾದೀತು. ಗಂಟಲಿನ ಲೋಳೆ ಸೇರಿದರೆ ಪ್ರಯೋಗಾಲಯದ ಸಣ್ಣ ಪಿಪೆಟ್ ಅದನ್ನು ಹೀರಲಾರದು.

ಮುಚ್ಚಳ ಬಿಗಿ ಮಾಡಿ, ಹೊರಮೈ ಒರೆಸಿ, ಹೆಸರು ಮತ್ತು ಹೊತ್ತು ಬರೆದರೆ ನಿಮ್ಮ ಪಾಲು ಮುಗಿಯಿತು.

ಮುಂದಿನದು ಪ್ರಯೋಗಾಲಯದ ಕೆಲಸ. ಅಲ್ಲಿ ಮೊದಲು ಕಾಯಿಸುತ್ತಾರೆ. ಸಲೈವಾಡೈರೆಕ್ಟ್‌ನಲ್ಲಿ ಪ್ರೋಟೀನೇಸ್ ಕೆ ಎಂಬ ಕಿಣ್ವ ಬೆರೆಸಿ 95 ಡಿಗ್ರಿ ಸೆಲ್ಸಿಯಸ್‌ನಲ್ಲಿ ಐದು ನಿಮಿಷ. ಇಲಿನಾಯ್ ವಿಶ್ವವಿದ್ಯಾಲಯದ ವಿಧಾನದಲ್ಲಿ ಅದೇ ಬಿಸಿಯಲ್ಲಿ ಅರ್ಧ ಗಂಟೆ. ವೈರಸ್‌ನ ಕವಚ ಒಡೆದು ಒಳಗಿನ ಆರ್‌ಎನ್‌ಎ ಹೊರಬೀಳುತ್ತದೆ.

ಆಮೇಲೆ ಆರ್‌ಎನ್‌ಎಯನ್ನು ಡಿಎನ್‌ಎಗೆ ತಿರುಗಿಸಿ ಅದರ ಪ್ರತಿಗಳನ್ನು ಹೆಚ್ಚಿಸಬೇಕು. ಇದಕ್ಕೆ ಬಳಸುವ ಪಿಸಿಆರ್ ಎಂಬ ವಿಧಾನದಲ್ಲಿ ಮಾದರಿಯನ್ನು ಮತ್ತೆ ಮತ್ತೆ ಬಿಸಿಗೂ ತಂಪಿಗೂ ಒಡ್ಡಬೇಕಾದ್ದರಿಂದ ದುಬಾರಿ ಯಂತ್ರ ಬೇಕು. ಜಪಾನಿನ ಸಂಶೋಧಕರು 2000ದಲ್ಲಿ ಪ್ರಕಟಿಸಿದ ‘ಲ್ಯಾಂಪ್’ ವಿಧಾನಕ್ಕೆ 65 ಡಿಗ್ರಿಯ ಆಸುಪಾಸಿನಲ್ಲಿ ಸುಮಾರು ಅರ್ಧ ಗಂಟೆ ಒಂದೇ ಬಿಸಿ ಸಾಕು. ಪ್ರತಿಗಳು ಹೆಚ್ಚಿದಂತೆ ದ್ರಾವಣ ಆಮ್ಲೀಯವಾಗುತ್ತದೆ. ಅದರಲ್ಲಿ ಆಮ್ಲಕ್ಕೆ ಬಣ್ಣ ಬದಲಿಸುವ ಫೀನಾಲ್ ರೆಡ್ ಇದ್ದರೆ ಗುಲಾಬಿ ಹೋಗಿ ಹಳದಿ ಬರುತ್ತದೆ. ಫಲಿತಾಂಶ ಬರಿಗಣ್ಣಿಗೇ ಕಾಣುತ್ತದೆ.

ಈ ಬಣ್ಣವನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. ಕೆಲವರ ಜೊಲ್ಲೇ ಹುಳಿ. ಬೆರೆಸಿದ ಕ್ಷಣದಲ್ಲೇ ದ್ರಾವಣ ಹಳದಿಯಾದರೆ ಅಲ್ಲಿ ವೈರಸ್ ಇದೆ ಎಂದಲ್ಲ, ಆ ಮಾದರಿಯನ್ನು ಹೀಗೆ ಓದಲಾಗದು ಎಂದರ್ಥ. ಆದ್ದರಿಂದ ಬಿಸಿಗಿಡುವ ಮೊದಲೊಮ್ಮೆ ಬಣ್ಣ ನೋಡಬೇಕು. ಜೊತೆಗೆ ಹಳದಿಯಾಗಲೇಬೇಕಾದ ಒಂದು, ಆಗಲೇಬಾರದ ಇನ್ನೊಂದು ಕೊಳವೆ ಇಡಬೇಕು. ಪರೀಕ್ಷೆ ಮುಗಿದ ಕೊಳವೆಯನ್ನಂತೂ ತೆರೆಯಲೇಬಾರದು. ಅದರೊಳಗಿನ ಪ್ರತಿಗಳ ಸಂಖ್ಯೆ ಎಷ್ಟೆಂದರೆ, ಮುಚ್ಚಳ ತೆಗೆದಾಗ ಹಾರಿದ ತುಂತುರು ಮರುದಿನದ ಮಾದರಿಗಳನ್ನೆಲ್ಲ ಹಳದಿ ಮಾಡೀತು.

ಮನೆಯಲ್ಲೇ ಮಾಡುವ ಆಂಟಿಜೆನ್ ಪಟ್ಟಿಯ ಲೆಕ್ಕ ಬೇರೆ. ಅದು ಪ್ರತಿ ಮಾಡುವುದಿಲ್ಲ, ಇರುವ ವೈರಸ್ ಪ್ರೋಟೀನನ್ನಷ್ಟೇ (ಅದೇ ಆಂಟಿಜೆನ್) ಹಿಡಿಯುತ್ತದೆ. ಹಾಗಾಗಿ ವೈರಸ್ ಕಡಿಮೆ ಇದ್ದಾಗ ತಪ್ಪಿಸಿಕೊಳ್ಳುತ್ತದೆ. ಮೂಗಿನ ಮಾದರಿಗೆಂದು ತಯಾರಾದ ಕಿಟ್‌ಗೆ ಜೊಲ್ಲು ಹಾಕುವ ಜಾಣತನ ಬೇಡ. ಪಟ್ಟಿ ಸರಿಯಾಗಿ ಕೆಲಸ ಮಾಡಿದೆಯೆಂದು ತೋರಿಸುವ ‘ಸಿ’ ಗೆರೆ ಮೂಡದಿದ್ದರೆ ಪರೀಕ್ಷೆಯೇ ಅಸಿಂಧು. ಹೇಳಿದ ಹೊತ್ತಿನೊಳಗೆ ವೈರಸ್ ಸಿಕ್ಕರೆ ಮೂಡುವ ‘ಟಿ’ ಗೆರೆ ಮಸುಕಾಗಿ ಕಂಡರೂ ಅದು ಪಾಸಿಟಿವ್. ನೆಗೆಟಿವ್ ಬಂದರೆ 48 ಗಂಟೆ ಬಿಟ್ಟು ಮತ್ತೆ ಮಾಡಿ. 2022ರಲ್ಲಿ ಎಫ್‌ಡಿಎ ಮನೆಯ ಕೋವಿಡ್ ಪಟ್ಟಿಗಳಿಗೆ ಹೇಳಿದ್ದು ಇದನ್ನೇ: ಲಕ್ಷಣವಿದ್ದರೆ ಕನಿಷ್ಠ ಎರಡು ಪರೀಕ್ಷೆ, ಇಲ್ಲದಿದ್ದರೆ ಮೂರು.

ಎಲ್ಲ ವೈರಸ್‌ಗಳಿಗೂ ಇದೇ ಕ್ರಮ ಎಂದುಕೊಳ್ಳಬೇಡಿ. ಮಂಗನಬಾವು ಎಂಬ ಅನುಮಾನವಿದ್ದರೆ ಕೆನ್ನೆಯ ಗ್ರಂಥಿಯನ್ನು ಅರ್ಧ ನಿಮಿಷ ತೀಡಿ, ಕೆನ್ನೆಯ ಒಳಭಾಗವನ್ನು ಕಡ್ಡಿಯಿಂದ ಸವರುತ್ತಾರೆ. ಎಚ್‌ಐವಿಗೆ ವಸಡು ಸವರುವ ಪರೀಕ್ಷೆ ಹುಡುಕುವುದು ವೈರಸ್ಸನ್ನಲ್ಲ, ದೇಹ ಅದರ ವಿರುದ್ಧ ತಯಾರಿಸಿದ ಪ್ರತಿಕಾಯಗಳನ್ನು. ಅವು ಕಾಣಿಸಿಕೊಳ್ಳಲು ಮೂರು ತಿಂಗಳವರೆಗೂ ಹಿಡಿಯಬಹುದಾದ್ದರಿಂದ ಕಳೆದ ವಾರದ ಆತಂಕಕ್ಕೆ ಆ ಕಡ್ಡಿಯಲ್ಲಿ ಉತ್ತರ ಸಿಗದು.