ಬುರ್ಸಾಕ್ಕೆ ಒಂದೇ ದಿನವೇ? ಬೆಟ್ಟ ಬಿಡಿ, ಪೇಟೆ ಹಿಡಿಯಿರಿ

ಇಸ್ತಾಂಬುಲ್ ನೋಡಲು ಹೋದವರಲ್ಲಿ ಅನೇಕರು ಒಂದು ದಿನವನ್ನು ತುರ್ಕಿಯ ಇನ್ನೊಂದು ಹಳೆಯ ನಗರವಾದ ಬುರ್ಸಾಕ್ಕೆ ಎತ್ತಿಡುತ್ತಾರೆ. ಬೆಳಿಗ್ಗೆ ಹೋಟೆಲಿನ ಬಾಗಿಲಿಗೆ ಬಂದ ವ್ಯಾನು ರಾತ್ರಿ ಅಲ್ಲಿಯೇ ತಂದು ಇಳಿಸುತ್ತದೆ. ನಡುವಿನದೆಲ್ಲ ಮಾರ್ಗದರ್ಶಿಯ ಕೃಪೆ. ನನ್ನ ಮೊದಲ ಪ್ರವಾಸದಲ್ಲಿ ಮಿಠಾಯಿ ಅಂಗಡಿಗೆ ಮುಕ್ಕಾಲು ಗಂಟೆ, ಚರ್ಮದ ಕೋಟುಗಳ ಮಳಿಗೆಗೆ ಒಂದು ಗಂಟೆ, ಬೆಟ್ಟಕ್ಕೆ ಹೋಗುವ ಕೇಬಲ್ ಕಾರಿನ ಸರದಿಗೆ ಅದಕ್ಕೂ ಹೆಚ್ಚು ಹೊತ್ತು ಹೋಯಿತು. 600 ವರ್ಷ ಹಳೆಯ ಮಸೀದಿಗೆ ಉಳಿದದ್ದು ಹದಿನೈದು ನಿಮಿಷ. ಎರಡನೆಯ ಸಲ ಹಣ ಕೊಡುವ ಮೊದಲೇ ಪ್ರಶ್ನೆ ಕೇಳಿದೆ.

ಹಣ ಕಟ್ಟುವ ಮುನ್ನ

ಕಾರ್ಯಕ್ರಮದ ಪಟ್ಟಿಯನ್ನು ಕೈಗೆತ್ತಿಕೊಂಡು ಮೂರು ಸಂಗತಿ ವಿಚಾರಿಸಿ: ಹಳೆಯ ಪೇಟೆಯಲ್ಲಿ ಎಷ್ಟು ಗಂಟೆ ನಡೆದಾಡಿಸುತ್ತಾರೆ? ಎಷ್ಟು ಅಂಗಡಿಗಳ ಮುಂದೆ ವಾಹನ ನಿಲ್ಲುತ್ತದೆ? ಕೇಬಲ್ ಕಾರ್ ಬೇಡವೆಂದರೆ ಆ ಹೊತ್ತಿನಲ್ಲಿ ನೀವು ಊರಲ್ಲೇ ಉಳಿಯಬಹುದೇ? ಆ ಕಾರು ಹತ್ತುವ ಉಲುದಾ ಬೆಟ್ಟ 2,543 ಮೀಟರ್ ಎತ್ತರದ್ದು, ಚೆಲುವಾದದ್ದೇ. ಆದರೆ ಹತ್ತಿ ಇಳಿಯುವುದರೊಳಗೆ ಅರ್ಧ ದಿನ ಮುಗಿಯುತ್ತದೆ, ಮಂಜು ಕವಿದಿದ್ದರೆ ಕಾಣುವುದು ಬರೀ ಬಿಳುಪು. ಇತಿಹಾಸಕ್ಕಾಗಿ ಹೋಗುವವರು ಅದನ್ನು ಕೈಬಿಡುವುದೇ ಸರಿ.

ನಾಲ್ಕೈದು ಜನರಿದ್ದರೆ ಸ್ವಂತಕ್ಕೆ ವಾಹನ ಮತ್ತು ಮಾರ್ಗದರ್ಶಿ ಗೊತ್ತು ಮಾಡಿಕೊಳ್ಳಿ. ತುರ್ಕಿಯಲ್ಲಿ ಮಾರ್ಗದರ್ಶಿಗೆ ಸರ್ಕಾರದ ಪರವಾನಗಿ ಕಡ್ಡಾಯ, ಕಾರ್ಡ್ ತೋರಿಸಿ ಎಂದು ಕೇಳಲು ಸಂಕೋಚ ಬೇಡ. ಶುಕ್ರವಾರ ಮಧ್ಯಾಹ್ನದ ನಮಾಜಿನ ಹೊತ್ತಿನಲ್ಲಿ ಪ್ರವಾಸಿಗರಿಗೆ ಮಸೀದಿಯೊಳಗೆ ಪ್ರವೇಶವಿಲ್ಲ, ಬೇರೆ ದಿನ ಆರಿಸಿಕೊಳ್ಳಿ.

ದಾರಿ

ಸುಮಾರು 150 ಕಿಲೋಮೀಟರ್. 2016ರಲ್ಲಿ ತೆರೆದ ಒಸ್ಮಾನ್‌ಗಾಜಿ ಸೇತುವೆ ಇಜ್ಮಿತ್ ಕೊಲ್ಲಿಯನ್ನು ನಿಮಿಷಗಳಲ್ಲಿ ದಾಟಿಸುತ್ತದೆ. ಏಳು ಗಂಟೆಗೆ ಹೊರಟರೆ ಹತ್ತರೊಳಗೆ ಊರು ಸೇರಬಹುದು. ಕೆಲವರು ದೋಣಿಯಲ್ಲಿ ದಾಟಿಸುತ್ತಾರೆ. ತಡವಾದರೂ ಕೈಯಲ್ಲಿ ಸಿಮಿತ್ ಎಂಬ ಎಳ್ಳಿನ ಬಳೆರೊಟ್ಟಿ, ತಲೆಯ ಮೇಲೆ ಕಡಲಹಕ್ಕಿಗಳು, ನಷ್ಟವೇನಿಲ್ಲ.

ಮೇಲಿನಿಂದ ಕೆಳಕ್ಕೆ

ಮೊದಲು ತೋಪ್‌ಹಾನೆ ದಿಬ್ಬಕ್ಕೆ ಕರೆದೊಯ್ಯಲು ಹೇಳಿ. ನಮ್ಮ ತೋಪುಖಾನೆಯೇ ಅದು, ಪದವೂ ಅದೇ. ಅಲ್ಲಿಂದ ಮುಂದೆ ಇಳಿಜಾರು, ಮೊಣಕಾಲಿಗೆ ಹಿತ. ಒಟ್ಟೋಮನ್ ವಂಶಕ್ಕೆ ಹೆಸರು ಕೊಟ್ಟ ಒಸ್ಮಾನನ ಗೋರಿಯೂ 1326ರಲ್ಲಿ ಬುರ್ಸಾವನ್ನು ಗೆದ್ದು ರಾಜಧಾನಿ ಮಾಡಿಕೊಂಡ ಅವನ ಮಗ ಒರ್ಹಾನನ ಗೋರಿಯೂ ಇಲ್ಲಿವೆ. ಈಗಿನ ಕಟ್ಟಡಗಳು 1855ರ ಭೂಕಂಪದ ನಂತರದವು. ಒರ್ಹಾನನ ಗೋರಿಯ ನೆಲ ನೋಡಲು ಮರೆಯಬೇಡಿ: ಮೊದಲಿದ್ದ ಬೈಜಾಂಟಿನ್ ಚರ್ಚಿನ ಬಣ್ಣದ ಕಲ್ಲುಹಾಸಿನ ತುಣುಕುಗಳು ಅಲ್ಲೇ ಉಳಿದಿವೆ.

ಇಳಿದು ಬಂದರೆ ಉಲು ಜಾಮಿ, ಅಂದರೆ ದೊಡ್ಡ ಮಸೀದಿ. 1396ರ ನಿಕೊಪೊಲಿಸ್ ಯುದ್ಧಕ್ಕೆ ಮುನ್ನ ಸುಲ್ತಾನ ಮೊದಲನೆಯ ಬಾಯೆಜಿದ್ ಗೆದ್ದರೆ ಇಪ್ಪತ್ತು ಮಸೀದಿ ಕಟ್ಟಿಸುವೆನೆಂದು ಹರಕೆ ಹೊತ್ತನಂತೆ. ಗೆದ್ದ ಮೇಲೆ ಇಪ್ಪತ್ತು ಗುಮ್ಮಟಗಳ ಒಂದೇ ಮಸೀದಿ ಕಟ್ಟಿಸಿದನಂತೆ. ಹರಕೆ ತೀರಿಸುವಾಗ ಲೆಕ್ಕ ಹೊಂದಿಸುವ ಜಾಣತನ ನಮಗೂ ಹೊಸದಲ್ಲ. ಒಳಗೆ ಹನ್ನೆರಡು ದಪ್ಪ ಕಂಬಗಳು, ಕಂಬ ಗೋಡೆಗಳ ಮೇಲೆಲ್ಲ ಆಳೆತ್ತರದ ಅಕ್ಷರಗಳು. ನಟ್ಟನಡುವೆ, ಗಾಜಿನ ಗುಮ್ಮಟದ ಬೆಳಕಿನಡಿ, ಕೈಕಾಲು ತೊಳೆಯುವ ಕಾರಂಜಿ. ಸಾಮಾನ್ಯವಾಗಿ ಅಂಗಳದಲ್ಲಿರುವ ಈ ಕಾರಂಜಿ ಇಲ್ಲಿ ಒಳಗೇಕೆ ಬಂತೆಂದು ಮಾರ್ಗದರ್ಶಿಯನ್ನು ಕೇಳಿ. ಜಾಗ ಮಾರಲು ಒಪ್ಪದ ಒಬ್ಬ ಹೆಂಗಸಿನ ಕತೆ ಹೊರಬರುತ್ತದೆ. ಹೆಂಗಸರು ತಲೆಗೊಂದು ದುಪಟ್ಟಾ ಇಟ್ಟುಕೊಂಡಿರಬೇಕು. ಇಲ್ಲಿ ಮುಕ್ಕಾಲು ಗಂಟೆ ಕೊಡಿ, ಅದರಲ್ಲಿ ಹತ್ತು ನಿಮಿಷ ರತ್ನಗಂಬಳಿಯ ಮೇಲೆ ಸುಮ್ಮನೆ ಕುಳಿತಿರಿ.

ಪಕ್ಕದಲ್ಲೇ ಕೋಜಾ ಹಾನ್. ‘ಕೋಜಾ’ ಎಂದರೆ ರೇಷ್ಮೆಗೂಡು. 1491ರಲ್ಲಿ ಎರಡನೆಯ ಬಾಯೆಜಿದ್ ಕಟ್ಟಿಸಿದ ಎರಡಂತಸ್ತಿನ ವ್ಯಾಪಾರ ಛತ್ರ ಇದು. ಅಂಗಳದ ನಡುವೆ ಕಂಬಗಳ ಮೇಲೆ ನಿಂತ ಪುಟ್ಟ ಮಸೀದಿ, ಅದರಡಿ ನೀರು. ಸುತ್ತಲ ಹಳ್ಳಿಯವರು ಗೂಡು ತಂದು ಮಾರುತ್ತಿದ್ದ ಜಾಗ. ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ಬೆಳಗಿನ ಹರಾಜು ಕಂಡವರಿಗೆ ಆ ಗದ್ದಲ ಊಹಿಸುವುದು ಕಷ್ಟವಲ್ಲ. ಈಗ ಗೂಡಿಲ್ಲ, ರೇಷ್ಮೆಯ ಸ್ಕಾರ್ಫ್‌ಗಳಿವೆ, ರೇಷ್ಮೆಯಲ್ಲದವೂ ಇವೆ. ‘ಯೂಜ್ದೆ ಯೂಜ್ ಇಪೆಕ್?’ ಎಂದು ಕೇಳಿ. ನೂರಕ್ಕೆ ನೂರು ರೇಷ್ಮೆಯೇ ಎಂದರ್ಥ. ಒಂದೆಳೆ ಕೇಳಿ ಸುಟ್ಟು ನೋಡಿ, ಕೂದಲು ಸುಟ್ಟ ವಾಸನೆ ಬಂದರೆ ಅಸಲಿ. ಮೈಸೂರು ರೇಷ್ಮೆ ಕೊಳ್ಳುವವರಿಗೆ ಇದನ್ನು ಕಲಿಸಬೇಕಿಲ್ಲ. ಕೊಳ್ಳದಿದ್ದರೂ ಅಂಗಳದ ಮರದಡಿ ಕುಳಿತು ಚಹಾ ಕುಡಿಯಿರಿ.

ಪೇಟೆಯಲ್ಲೇ, ಹಮಾಮ್ ಎಂಬ ಹಳೆಯ ಸ್ನಾನಗೃಹವೊಂದು ಅಂಗಡಿಸಾಲಾದ ಐನಾಲಿ ಚಾರ್ಶಿಯಿದೆ. ಅಲ್ಲಿ ಕರಾಗೋಜ್ ನೆರಳಾಟದ ಬೊಂಬೆಗಳು ಸಿಗುತ್ತವೆ. ಒಂಟೆ ಚರ್ಮದವು, ನಮ್ಮ ತೊಗಲುಬೊಂಬೆಗಳ ದೂರದ ನೆಂಟರು.

ಊಟ

ಮಾಂಸಾಹಾರಿಗಳಿಗೆ ಯೋಚನೆಯೇ ಬೇಡ: ಇಸ್ಕೆಂದರ್ ಕಬಾಬ್ ಹುಟ್ಟಿದ ಊರಿದು. ರೊಟ್ಟಿಯ ಚೂರುಗಳ ಮೇಲೆ ಮಾಂಸದ ತೆಳು ಪದರ, ಟೊಮೆಟೊ ರಸ, ಪಕ್ಕದಲ್ಲಿ ಮೊಸರು, ಕೊನೆಗೆ ನಿಮ್ಮ ಕಣ್ಣೆದುರೇ ಸುರಿಯುವ ಕಾದ ಬೆಣ್ಣೆ. ಸಸ್ಯಾಹಾರಿಗಳು ಗಿಣ್ಣು (ಚೀಸ್) ಹಾಕಿದ ಪಿದೆ ರೊಟ್ಟಿ, ಆಲೂಗಡ್ಡೆ ತುಂಬಿದ ಗೋಜ್ಲೆಮೆ ರೊಟ್ಟಿ, ಉಪ್ಪು ಮಜ್ಜಿಗೆಯಂಥ ಐರಾನ್ ಕೇಳಬಹುದು. ಬೇಳೆ ಸಾರಿಗೆ ಮಾಂಸದ ರಸ ಬೆರೆಸಿದ್ದಾರೆಯೇ ಎಂದು ವಿಚಾರಿಸಿಯೇ ಚಮಚ ಎತ್ತಿ.

ಮಧ್ಯಾಹ್ನದ ನಂತರ

ಪೂರ್ವಕ್ಕೆ ಕಾಲು ಗಂಟೆಗಿಂತ ತುಸು ಹೆಚ್ಚು ನಡೆದರೆ ಯೆಶಿಲ್, ಅಂದರೆ ಹಸಿರು ಮಸೀದಿ. ಇದನ್ನು ಕಟ್ಟಿಸುತ್ತಿದ್ದ ಸುಲ್ತಾನ ಮೊದಲನೆಯ ಮೆಹ್ಮೆದ್ 1421ರಲ್ಲಿ ಸತ್ತದ್ದರಿಂದ ಇದರ ಮುಂಭಾಗದ ಮೊಗಸಾಲೆ ಕಟ್ಟದೆಯೇ ಉಳಿಯಿತು. ಎದುರಿಗೆ ಅವನ ‘ಹಸಿರು ಗೋರಿ’. ಹೊರಗಿನ ಹೆಂಚು ಹಸಿರಲ್ಲ, ವೈಡೂರ್ಯದ ನೀಲಿ. ಒಳಗೆ ಹೋದ ಮೇಲೆ ಯಾರೂ ಹೆಸರಿನ ಬಗ್ಗೆ ತಕರಾರು ತೆಗೆಯುವುದಿಲ್ಲ.

ನಾಲ್ಕು ಗಂಟೆಯೊಳಗೆ ಇಲ್ಲಿಂದ ಹೊರಟರೆ ಊರಿನ ಪಶ್ಚಿಮಕ್ಕಿರುವ, ರಾಜವಂಶದವರ ಗೋರಿಗಳ ಆವರಣವಾದ ಮುರಾದಿಯೆಗೆ ವಾಹನದಲ್ಲಿ ಹೋಗಿ ಬರಬಹುದು. 1451ರಲ್ಲಿ ತೀರಿಕೊಂಡ ಎರಡನೆಯ ಮುರಾದನ ಗೋರಿಗೆ ಗುಮ್ಮಟದ ನಡುವೆ ತೆರಪು. ತನ್ನ ಮಣ್ಣಿನ ಮೇಲೆ ಮಳೆ ಬೀಳಲಿ ಎಂಬುದು ಅವನ ಆಸೆಯಾಗಿತ್ತು. ಮೊದಲ ಆರು ಸುಲ್ತಾನರ ಗೋರಿಗಳೂ ಬುರ್ಸಾದಲ್ಲಿಯೇ ಇವೆ, ಆರನೆಯವನು ಇವನು. ನಂತರದವರು ಇಸ್ತಾಂಬುಲ್‌ಗೆ ಹೋದರು.

ನೀವೂ ಅಲ್ಲಿಗೇ ಹೋಗಬೇಕು. ಪಾಕದಲ್ಲಿ ಬೆಂದ ಚೆಸ್ಟ್‌ನಟ್ ಮಿಠಾಯಿಯ ಪೊಟ್ಟಣ ಕೊಳ್ಳುವುದಿದ್ದರೆ ಆರು ಗಂಟೆಗೆ ಮೊದಲು ಕೊಂಡುಬಿಡಿ. ಮರಳುವುದು ಮುದಾನ್ಯಾ ಬಂದರಿನಿಂದ ದೋಣಿಯಲ್ಲಾದರೆ ಹೊರಡುವ ಸಮಯವನ್ನು ಬೆಳಿಗ್ಗೆಯೇ ಖಚಿತಪಡಿಸಿಕೊಳ್ಳಿ. ಲೋದೋಸ್ ಎಂಬ ನೈಋತ್ಯದ ಗಾಳಿ ಎದ್ದ ದಿನ ದೋಣಿಗಳು ನಿಂತುಬಿಡುತ್ತವೆ. ಅಂಥ ದಿನ ಸೇತುವೆಯ ದಾರಿಯೇ ಗತಿ, ಮಾರ್ಗದರ್ಶಿಯ ಬಳಿ ಆ ಏರ್ಪಾಡು ಇದೆಯೇ ಎಂಬುದನ್ನೂ ಹಣ ಕಟ್ಟುವಾಗಲೇ ಕೇಳಿರಬೇಕು.