ಗುಡ್ಡದ ತೋಟಕ್ಕೆ ಮಿನಿ ಟ್ರ್ಯಾಕ್ಟರ್ ತಗೊಳೋರು ಸ್ವಲ್ಪ ಓದಿ

ನಮ್ ಮಲೆನಾಡ್ ಕಡೆ ಇಳಿಜಾರಲ್ಲಿ ಅಡಿಕೆ, ಕಾಫಿ ಇರೋರು ಟ್ರ್ಯಾಕ್ಟರ್ ನೋಡೋವಾಗ ಮೊದ್ಲು ಎಚ್‌ಪಿ ಕೇಳ್ತಾರೆ, ಆದ್ರೆ ನಾನು ಹೇಳೋದು ಮೊದ್ಲು ಟೇಪ್ ಹಿಡಿದು ಅಗಲ ಅಳೀರಿ ಅಂತ. ಅಡಿಕೆ ಸಾಲು 9 ಅಡಿ ಇದ್ರೂ ಮಧ್ಯೆ ಕಾಳುಮೆಣಸು, ಬಾಳೆ, ಬಸಿಗಾಲುವೆ ಎಲ್ಲಾ ಇರತ್ತಲ್ಲ, ಗಾಡಿ ನಾಲ್ಕಡಿ ಒಳಗೇ ಇದ್ರೆ ಒಳ್ಳೇದು. ಕುಬೋಟಾ ಬಿ2441, ಮಹೀಂದ್ರಾ ಜೀವೋ 245 ಎರಡೂ 24 ಎಚ್‌ಪಿ ಫೋರ್ ವೀಲ್ ಡ್ರೈವ್, ಆ ಸೈಜ್ ಸಾಕು.

ಟೂ ವೀಲ್ ಡ್ರೈವ್ ಕಮ್ಮಿ ರೇಟಿಗೆ ಸಿಗತ್ತೆ ಅಂತ ದಯವಿಟ್ಟು ತಗೋಬೇಡಿ, ಮಳೆಗಾಲದ ಜಾರೋ ಮಣ್ಣಲ್ಲಿ ಏರು ಹತ್ತಲ್ಲ, ಇಳಿಯೋವಾಗ ಇನ್ನೂ ಅಪಾಯ. ಬ್ರೇಕ್ ಆಯಿಲ್ ಬ್ರೇಕೇ (ಎಣ್ಣೆಯಲ್ಲಿ ಮುಳುಗಿರೋದು) ಇರ್ಲಿ, ಗಾಡಿ ಮಗುಚಿದ್ರೆ ಓಡ್ಸೋರನ್ನ ಕಾಪಾಡೋಕೆ ಹಿಂದೆ ಮಡಚೋ ಕಬ್ಬಿಣದ ರೋಲ್ ಬಾರ್ ಇದ್ಯಾ ನೋಡಿ, ಜೊತೆಗೆ ಸೀಟ್ ಬೆಲ್ಟ್. ಕೊಂಬೆ ತಾಗತ್ತೆ ಅಂತ ಬಾರ್ ಮಡಚಿದ್ರೆ ಆಗ ಬೆಲ್ಟ್ ಹಾಕ್ಬೇಡಿ, ಮಗುಚಿದ್ರೆ ಗಾಡಿ ಅಡಿಗೇ ಸಿಕ್ಕಾಕೊಳ್ತೀರಿ; ಬಾರ್ ಎತ್ತಿದ ತಕ್ಷಣ ಮತ್ತೆ ಹಾಕಿ.

ಓಡ್ಸೋವಾಗ ಇಳಿಜಾರಿಗೆ ಅಡ್ಡ ಹೋಗ್ಬೇಡಿ, ಮೇಲೆ-ಕೆಳಗೆ ನೇರ ಹೋಗಿ, ಇಳಿಯೋಕೆ ಶುರು ಮಾಡೋ ಮುಂಚೇನೇ ಲೋ ಗೇರ್‌ಗೆ ಹಾಕಿ, ಮಧ್ಯದಲ್ಲಿ ಕ್ಲಚ್ ಒತ್ತಿದ್ರೆ ಟ್ರೇಲರ್ ಹಿಂದಿಂದ ತಳ್ಕೊಂಡ್ ಬರತ್ತೆ. ಎಡ, ಬಲ ಗಾಲಿಗಿರೋ ಎರಡೂ ಬ್ರೇಕ್ ಪೆಡಲ್ ಸೇರ್ಸಿ ಲಾಕ್ ಮಾಡಿರಿ, ಒಟ್ಟಿಗೇ ಹಿಡೀಲಿ. ಮರದ ದಿಮ್ಮಿ ಎಳೆಯೋದಿದ್ರೆ ಸರಪಳಿನ ಗಾಡಿ ಹಿಂದೆ ಕೆಳಗಿರೋ ಡ್ರಾಬಾರ್‌ಗೇ (ಎಳೆಯೋ ಕಬ್ಬಿಣದ ಪಟ್ಟಿ) ಕಟ್ಟಿ, ಮೇಲೆ ಕಟ್ಟಿದ್ರೆ ಮುಂದಿನ ಗಾಲಿ ಎದ್ದು ಗಾಡಿ ಹಿಂದಕ್ಕೇ ಮಗುಚತ್ತೆ.

ದುಡ್ಡು ಕೊಡೋ ಮುಂಚೆ ಡೀಲರ್ ಹತ್ರ ನಿಮ್ ತೋಟದಲ್ಲೇ ಡೆಮೊ ಕೇಳಿ, ರೋಡಲ್ಲಿ ಓಡ್ಸಿ ತೋರ್ಸಿದ್ರೆ ಏನೂ ಗೊತ್ತಾಗಲ್ಲ.