ಗಿರಣಿಯ ಲೆಕ್ಕ, ಕಾಲೇಜಿನ ಬೀಜಗಣಿತ: ನನ್ನ ಅನುಭವ

ಗಂಗಾವತಿಯ ಒಂದು ಅಕ್ಕಿ ಗಿರಣಿಯಲ್ಲಿ ಎಂಟು ವರ್ಷ ಲೆಕ್ಕ ಬರೆದ ಮೇಲೆ ನಾನು ಬಿ.ಕಾಂ.ಗೆ ಸೇರಿದೆ. ಬೆಳಿಗ್ಗೆ ಕಾಲೇಜು, ಮಧ್ಯಾಹ್ನ ಎರಡರ ಮೇಲೆ ಗಿರಣಿ. ಲೆಕ್ಕಶಾಸ್ತ್ರದ ಭಯ ನನಗಿರಲಿಲ್ಲ. ಭಯವಿದ್ದದ್ದು ವ್ಯವಹಾರ ಗಣಿತದ್ದು, ಅದರಲ್ಲೂ ಬೀಜಗಣಿತದ ಪಾಠಗಳದ್ದು. ಹತ್ತನೆಯ ತರಗತಿಯಲ್ಲಿ ಅದನ್ನು ಬಾಯಿಪಾಠ ಮಾಡಿ ದಾಟಿದ್ದೆ. ಪಿಯುಸಿಯಲ್ಲಿ ವಾಣಿಜ್ಯ ತೆಗೆದುಕೊಂಡರೂ ಗಣಿತ ಬೇಡವೆಂದು ಇತಿಹಾಸ ಆರಿಸಿಕೊಂಡಿದ್ದೆ. ಹೀಗಾಗಿ ಎಕ್ಸ್ ಮತ್ತು ವೈಗಳ ಮುಖ ನೋಡದೆ ಹತ್ತು ವರ್ಷಗಳೇ ಆಗಿದ್ದವು.

ಪುಸ್ತಕ ಇಂಗ್ಲಿಷಿನಲ್ಲಿತ್ತು. ಮೊದಲ ವಾರ ನಾನು ಮಾಡಿದ ಕೆಲಸವೆಂದರೆ ನೋಟ್‌ಬುಕ್ಕಿನ ಕೊನೆಯ ಹಾಳೆಗಳಲ್ಲಿ ಪದಗಳನ್ನು ಜೋಡಿ ಜೋಡಿಯಾಗಿ ಬರೆದುಕೊಂಡದ್ದು: ವೇರಿಯಬಲ್ ಎಂದರೆ ಚರಾಕ್ಷರ, ಕೋಎಫಿಶಿಯೆಂಟ್ ಎಂದರೆ ಸಹಗುಣಕ, ಈಕ್ವೇಷನ್ ಎಂದರೆ ಸಮೀಕರಣ. ಹೊಸದೆಂದು ಹೆದರಿದ್ದರಲ್ಲಿ ಅರ್ಧ ಭಾಗ ಶಾಲೆಯಲ್ಲಿ ಕನ್ನಡದಲ್ಲಿ ಓದಿದ್ದೇ ಆಗಿತ್ತು.

ಮೊದಲ ಕಿರುಪರೀಕ್ಷೆಯಲ್ಲಿ 3(ಎಕ್ಸ್ − 4) = 2ಎಕ್ಸ್ + 5 ಎಂಬ ಲೆಕ್ಕವಿತ್ತು. ನಾನು ಆವರಣ ಬಿಡಿಸಿ 3ಎಕ್ಸ್ − 4 ಎಂದು ಬರೆದೆ, ಎಕ್ಸ್ = 9 ಎಂದು ಉತ್ತರಿಸಿದೆ. ಸೊನ್ನೆ ಬಂತು. ಮೇಡಂ ಉತ್ತರ ಪತ್ರಿಕೆ ಕೈಗೆ ಕೊಡುತ್ತಾ, "ನಿಮ್ಮ 9 ಅನ್ನು ಎರಡೂ ಕಡೆ ಇಟ್ಟು ನೋಡಿದಿರಾ?" ಎಂದು ಕೇಳಿದರು. ಅಲ್ಲಿಯೇ ನಿಂತು ನೋಡಿದೆ. ಎಡಬದಿಯಲ್ಲಿ 15, ಬಲಬದಿಯಲ್ಲಿ 23. ನಗದು ಪುಸ್ತಕದಲ್ಲಿ ಎಂಟು ರೂಪಾಯಿ ತಾಳೆಯಾಗದಿದ್ದರೆ ರಾತ್ರಿ ಮನೆಗೆ ಹೋಗದೆ ಕೂರುವವಳು ನಾನು. ಇಲ್ಲಿ ಎಂಟರ ವ್ಯತ್ಯಾಸವನ್ನು ಕಣ್ಣೆತ್ತಿಯೂ ನೋಡದೆ ಹಾಳೆ ಕೊಟ್ಟು ಬಂದಿದ್ದೆ.

ಅಂದು ಸಂಜೆ ಗಿರಣಿಯಲ್ಲಿ ಕೂತು ಆವರಣದ ಅರ್ಥ ಹುಡುಕಿದೆ. ಮೂರು ಲಾರಿ ನಿಂತಿವೆ, ಪ್ರತಿಯೊಂದರಲ್ಲೂ ಎಕ್ಸ್ ಚೀಲ. ಪ್ರತಿ ಲಾರಿಯಿಂದ ನಾಲ್ಕು ಚೀಲ ಇಳಿಸಿದರೆ ಒಟ್ಟು ಇಳಿದದ್ದು ನಾಲ್ಕಲ್ಲ, ಹನ್ನೆರಡು. ಆದ್ದರಿಂದ 3ಎಕ್ಸ್ − 12. ಎಕ್ಸ್ = 17. ಇಟ್ಟು ನೋಡಿದರೆ ಎರಡೂ ಕಡೆ 39. ಅಂದಿನಿಂದ ತಾಳೆ ನೋಡದೆ ಒಂದು ಉತ್ತರಕ್ಕೂ ನಾನು ಅಡಿಗೆರೆ ಎಳೆದಿಲ್ಲ. ಬೀಜಗಣಿತದಷ್ಟು ನಂಬಿಕಸ್ಥ ವಿಷಯ ಇನ್ನೊಂದಿಲ್ಲ ಎಂದು ನನಗೆ ಅನ್ನಿಸುವುದು ಇದಕ್ಕೇ. ಉತ್ತರ ಸರಿಯೋ ತಪ್ಪೋ ಎಂದು ಯಾರನ್ನೂ ಕೇಳಬೇಕಾಗಿಲ್ಲ.

ಪಕ್ಷಾಂತರವೂ, ಅಂದರೆ ಸಮೀಕರಣದ ಒಂದು ಬದಿಯ ಸಂಖ್ಯೆಯನ್ನು ಇನ್ನೊಂದು ಬದಿಗೆ ಒಯ್ಯುವುದೂ, ಹೀಗೆಯೇ ತಿಳಿಯಿತು. "ಆ ಬದಿಗೆ ಹೋದರೆ ಚಿಹ್ನೆ ಬದಲಾಗುತ್ತದೆ" ಎಂದು ಶಾಲೆಯಲ್ಲಿ ಮಂತ್ರದಂತೆ ಹೇಳಿದ್ದೆವು. ಏಕೆ ಎಂದು ನಾನು ಕೇಳಿರಲಿಲ್ಲ. ನಗದು ಪುಸ್ತಕದಲ್ಲಿ ಆರಂಭ ಶಿಲ್ಕು (ಮೊದಲಿಗೆ ಕೈಯಲ್ಲಿದ್ದ ಹಣ) ಮತ್ತು ಜಮಾ ಒಂದು ಕಡೆ, ಖರ್ಚು ಮತ್ತು ಅಖೈರು ಶಿಲ್ಕು (ಕೊನೆಗೆ ಉಳಿದ ಹಣ) ಇನ್ನೊಂದು ಕಡೆ. ಎರಡೂ ಮೊತ್ತ ಸಮ. ಅಖೈರು ಶಿಲ್ಕು ಎಷ್ಟೆಂದು ತಿಳಿಯಲು ಎರಡೂ ಕಡೆಯಿಂದ ಖರ್ಚನ್ನು ಕಳೆಯುತ್ತೇನೆ. ಬಲಗಡೆ ಕೂಡಿದ್ದ ಖರ್ಚು ಅಲ್ಲಿ ಮಾಯವಾಗಿ, ಎಡಗಡೆ ಕಳೆಯಾಗಿ ಕಾಣಿಸಿಕೊಳ್ಳುತ್ತದೆ. ಅದು ಹಾರಿ ಹೋದದ್ದಲ್ಲ, ಎರಡೂ ಕಡೆ ಒಂದೇ ಕೆಲಸ ಮಾಡಿದ್ದರ ಫಲ. ಎಂಟು ವರ್ಷ ಪ್ರತಿ ಸಂಜೆ ಪಕ್ಷಾಂತರವನ್ನೇ ಮಾಡುತ್ತಿದ್ದೆ, ಹೆಸರು ಗೊತ್ತಿರಲಿಲ್ಲ.

ಏಕಕಾಲಿಕ ಸಮೀಕರಣಗಳು, ಅಂದರೆ ಎಕ್ಸ್ ಮತ್ತು ವೈ ಎರಡನ್ನೂ ಒಟ್ಟಿಗೆ ಹುಡುಕಬೇಕಾದ ಜೋಡಿ ಸಮೀಕರಣಗಳು, ನನ್ನನ್ನು ಹೆಚ್ಚು ದಿನ ಕಾಡಿದವು. ಅವು ಬಿಡಿಸಿಕೊಂಡದ್ದು ನಮ್ಮ ಹಿರಿಯ ಗುಮಾಸ್ತರಿಂದ. ಒಂದು ದಿನ ಲಾರಿ ತುಂಬಿಸಿದ ಚೀಟಿಯಲ್ಲಿ ಒಟ್ಟು 180 ಚೀಲ, 6,000 ಕಿಲೋ ಅಕ್ಕಿ ಎಂದಷ್ಟೇ ಇತ್ತು. 25 ಕಿಲೋದ ಚೀಲ ಎಷ್ಟು, 50ರದು ಎಷ್ಟು ಎಂಬುದನ್ನು ಬರೆಯಲು ಮರೆತಿದ್ದರು. ನಾನು ಹಾಳೆ ತೆಗೆದು ಎಕ್ಸ್ ಎಂದರೆ ಸಣ್ಣ ಚೀಲ, ವೈ ಎಂದರೆ ದೊಡ್ಡ ಚೀಲ ಎಂದು ಬರೆದು ಅಲ್ಲಿಯೇ ಸಿಕ್ಕಿಬಿದ್ದೆ. ಗುಮಾಸ್ತರು ಕನ್ನಡಕ ಹಣೆಗೇರಿಸಿ, "ಎಲ್ಲವೂ ಸಣ್ಣ ಚೀಲವೇ ಎಂದುಕೋ ತಂಗಿ. 180 ಸಲ 25 ಅಂದರೆ 4,500 ಆಯಿತು. 1,500 ಕಡಿಮೆ ಬಿತ್ತು. ಒಂದೊಂದು ದೊಡ್ಡ ಚೀಲವೂ 25 ಕಿಲೋ ಹೆಚ್ಚು ತರುತ್ತದೆ. ಹಾಗಾದರೆ ದೊಡ್ಡವು 60, ಸಣ್ಣವು 120" ಎಂದರು. ಪೆನ್ನು ಮುಟ್ಟಲಿಲ್ಲ.

ರಾತ್ರಿ ಮನೆಯಲ್ಲಿ ಅವರ ಮಾತನ್ನು ಸಾಲು ಸಾಲಾಗಿ ಬರೆದೆ. ಎಕ್ಸ್ + ವೈ = 180. 25ಎಕ್ಸ್ + 50ವೈ = 6,000. "ಎಲ್ಲವೂ ಸಣ್ಣದೇ" ಎಂದದ್ದು ಮೊದಲ ಸಾಲನ್ನು 25ರಿಂದ ಗುಣಿಸಿದಂತೆ: 25ಎಕ್ಸ್ + 25ವೈ = 4,500. "ಕಡಿಮೆ ಬಿತ್ತು" ಎಂದದ್ದು ಎರಡನೆಯ ಸಾಲಿನಿಂದ ಇದನ್ನು ಕಳೆದಂತೆ: 25ವೈ = 1,500. ಒಂದು ಅಕ್ಷರವನ್ನು ತೆಗೆದುಹಾಕಿ ಇನ್ನೊಂದನ್ನು ಹುಡುಕುವ, ಪುಸ್ತಕದ ವರ್ಜಿಸುವ ವಿಧಾನ ಅಕ್ಷರಕ್ಷರವೂ ಅದೇ! ನನ್ನ ತಪ್ಪು ಎಲ್ಲಿತ್ತು ಎಂಬುದೂ ಆಗ ಕಂಡಿತು. ಎಕ್ಸ್ ಎಂದರೆ ಸಣ್ಣ ಚೀಲವಲ್ಲ, ಸಣ್ಣ ಚೀಲಗಳ ಸಂಖ್ಯೆ. ಅಕ್ಷರವನ್ನು ವಸ್ತುವೆಂದುಕೊಂಡರೆ 25ಎಕ್ಸ್ ಎಂದಾಗ ಇಪ್ಪತ್ತೈದು ಚೀಲ ಕಣ್ಣಮುಂದೆ ಬರುತ್ತವೆ, ಲೆಕ್ಕ ಕೆಡುತ್ತದೆ. ಸಂಖ್ಯೆಯೆಂದುಕೊಂಡರೆ ಅದು ಕಿಲೋ ಆಗುತ್ತದೆ. ಹೊಸದಾಗಿ ಕಲಿಯುವವರು ಪ್ರತಿ ಲೆಕ್ಕದ ತಲೆಯಲ್ಲಿ "ಎಕ್ಸ್ ಎಂದರೆ ಇಂಥದರ ಸಂಖ್ಯೆ" ಎಂದು ಪೂರ್ತಿ ವಾಕ್ಯ ಬರೆಯಲೇಬೇಕು ಎಂದು ನಾನು ಗಟ್ಟಿಯಾಗಿ ಹೇಳುತ್ತೇನೆ.

ನಮ್ಮವರಿಗೆ ಈ ಅಕ್ಷರಗಳೂ ಹೊಸವಲ್ಲ. ಭಾಸ್ಕರಾಚಾರ್ಯರು 12ನೆಯ ಶತಮಾನದ ತಮ್ಮ ಬೀಜಗಣಿತದಲ್ಲಿ ಮೊದಲ ಅಜ್ಞಾತ ಸಂಖ್ಯೆಯನ್ನು ಯಾವತ್ತಾವತ್ ಎಂದು ಕರೆದರು, ಅಂದರೆ ಎಷ್ಟೋ ಅಷ್ಟು. ಉಳಿದವುಗಳಿಗೆ ಕಾಲಕ, ನೀಲಕ, ಪೀತಕ ಎಂದು ಬಣ್ಣಗಳ ಹೆಸರು. ಅದಕ್ಕೂ ಹಿಂದೆ, 628ರಲ್ಲಿ, ಬ್ರಹ್ಮಗುಪ್ತರು ಕೂಡು ಸಂಖ್ಯೆಯನ್ನು ಧನವೆಂದೂ ಕಳೆ ಸಂಖ್ಯೆಯನ್ನು ಋಣವೆಂದೂ ಕರೆದು ಅವುಗಳ ನಿಯಮ ಕೊಟ್ಟಿದ್ದರು. ಋಣ ಎಂದರೆ ಸಾಲ. ಗಿರಣಿಯಲ್ಲಿ ಲೆಕ್ಕ ಬರೆಯುವವಳಿಗೆ ಇದಕ್ಕಿಂತ ಹತ್ತಿರದ ಮಾತು ಬೇಕೇ? ತಲಾ ಐದು ನೂರರ ಮೂರು ಸಾಲ ಮನ್ನಾ ಆದರೆ ರೈತನ ಖಾತೆಗೆ ಒಂದೂವರೆ ಸಾವಿರ ಕೂಡಿದಂತೆ: ಸಾಲ −500, ಮೂರನ್ನು ತೆಗೆದದ್ದು −3, ಗುಣಿಸಿದರೆ +1,500. ಋಣವನ್ನು ಋಣದಿಂದ ಗುಣಿಸಿದರೆ ಧನವೇಕೆ ಎಂಬ ಪ್ರಶ್ನೆ ನನಗೆ ಅಲ್ಲಿಗೆ ಮುಗಿಯಿತು.

ವರ್ಗ ಸಮೀಕರಣವನ್ನು ಗದ್ದೆಯ ಮಡಿಯಾಗಿ ಚಿತ್ರ ಬರೆದು ಕಲಿತೆ. ಎಕ್ಸ್ ವರ್ಗ + 6ಎಕ್ಸ್ = 40. ಎಕ್ಸ್ ಬದಿಯ ಚೌಕ ಮಡಿ, ಅದರ ಎರಡು ಬದಿಗೆ ಮೂರು ಮೂರು ಅಗಲದ ಪಟ್ಟಿ. ಮೂಲೆಯಲ್ಲಿ ಮೂರು ಮೂರರ ತುಂಡು ಖಾಲಿ. ಅದನ್ನು ತುಂಬಲು ಎರಡೂ ಕಡೆ 9 ಕೂಡಿಸಿದರೆ ಇಡೀ ಚೌಕ 49, ಬದಿ 7, ಎಕ್ಸ್ = 4. ಸೂತ್ರವಾದರೆ −10 ಎಂಬ ಇನ್ನೊಂದು ಮೂಲವನ್ನೂ ಕೊಡುತ್ತದೆ. ಇಟ್ಟು ನೋಡಿದರೆ 100 − 60, ತಾಳೆಯಾಗುತ್ತದೆ. ಮಡಿಯ ಬದಿಗೆ ಆ ಉತ್ತರ ಸಲ್ಲದು, ಸಮೀಕರಣಕ್ಕೆ ಸಲ್ಲುತ್ತದೆ. ಇಂಥ ಋಣ ಉತ್ತರವನ್ನು ಜನ ಒಪ್ಪುವುದಿಲ್ಲ ಎಂದು ಭಾಸ್ಕರಾಚಾರ್ಯರೇ ಒಂದು ಕಡೆ ಬಿಟ್ಟಿದ್ದಾರೆಂದು ಮೇಡಂ ಹೇಳಿದಾಗ ನನಗೆ ದೊಡ್ಡ ಸಮಾಧಾನವಾಯಿತು.

ಆ ಸೆಮಿಸ್ಟರ್ ದಾಟಿದೆ. ಈಗ ನಮ್ಮ ಹಮಾಲರೊಬ್ಬರ ಮಗಳು ಎಸ್ಸೆಸ್ಸೆಲ್ಸಿ ಓದುತ್ತಾ ಸಂಜೆ ಗಿರಣಿಗೆ ಬರುತ್ತಾಳೆ. ಮೊನ್ನೆ ಅವಳಿಗೆ ಅದೇ 180 ಚೀಲದ ಲೆಕ್ಕ ಕೊಟ್ಟೆ. "ಎಲ್ಲವೂ ದೊಡ್ಡ ಚೀಲವೇ ಎಂದುಕೊಂಡೆ ಅಕ್ಕಾ. 9,000 ಆಯಿತು, 3,000 ಹೆಚ್ಚಾಯಿತು. ಹಾಗಾದರೆ ಸಣ್ಣವು 120" ಎಂದಳು. ನಾನು ವೈ ಹಿಡಿದಿದ್ದಲ್ಲಿ ಅವಳು ಎಕ್ಸ್ ಹಿಡಿದಿದ್ದಳು. ತಾಳೆ ನೋಡು ಎಂದು ಹೇಳುವ ಮೊದಲೇ 120ನ್ನು 25ರಿಂದ ಗುಣಿಸಲು ಶುರುಮಾಡಿದ್ದಳು.